ಬೆರಳಿಗಿಷ್ಟು ಎಂಜಲು ಹಚ್ಚಿ

ನಮ್ಮ ಬಾಜೂ ಮನೆಯ ಆಯಿ ಫೋನು ಹಚ್ಚುವುದನ್ನು ನೀವು ಒಮ್ಮೆ ನೋಡಬೇಕು. ಮೊದಲು ಸೊಂಟದಿಂದ ಎಲೆ ಅಡಿಕೆಯ ಚಂಚಿ ಹೊರಗೆ ಬರುತ್ತದೆ. ಅದರ ಒಂದು ಖಾನೆಯಲ್ಲಿ ಎಲೆ, ಇನ್ನೊಂದರಲ್ಲಿ ಅಡಿಕೆ, ನಡುವೆ ಸುಣ್ಣದ ಡಬ್ಬಿ, ಬಸ್ಸಿನ ಕಂಡಕ್ಟರಿಗೆ ತೋರಿಸುವ ಆಧಾರ್ ಕಾರ್ಡು, ಎಲ್ಲಕ್ಕಿಂತ ಕೆಳಗೆ ಫೋನು. ಅದನ್ನು ತೆಗೆದು ಸೆರಗಿನಿಂದ ಒರೆಸಿ, ತೋರುಬೆರಳನ್ನು ನಾಲಿಗೆಯ ತುದಿಗೆ ಮುಟ್ಟಿಸುತ್ತಾಳೆ. ನೋಟು ಎಣಿಸುವವರು ಮಾಡುತ್ತಾರಲ್ಲ, ಥೇಟ್ ಹಾಗೆ. ಆಮೇಲೆಯೇ ಗಾಜಿನ ಮೇಲೆ ಬೆರಳು ಇಡುವುದು.

ಮೊದಮೊದಲು ನಾನು ನಕ್ಕಿದ್ದೆ. ಗ್ವಾಡಿಯ ಈಚೆ ನಿಂತು, "ಆಯಿ, ಅದು ಫೋನ್ ಬೇ, ನೋಟಿನ ಕಟ್ಟಲ್ಲ" ಅಂದೆ. ಆಕೆ ತಲೆ ಎತ್ತಲಿಲ್ಲ. "ಒಣಾ ಬೆರಳಿಗೆ ಅದು ಮಾತ ಕೇಳೂದಿಲ್ಲೋ ಮಾಸ್ತರ. ನೀ ನಕ್ಕೋಂತ ಕುಂದರು, ನಾ ಮಗನ ಜೋಡಿ ಮಾತಾಡತೀನಿ" ಅಂದಳು. ಫೋನು ಹತ್ತಿಯೇ ಬಿಟ್ಟಿತು.

ಸಾಲಿಯಲ್ಲಿ ಮೂವತ್ತು ವರ್ಷ ವಿಜ್ಞಾನ ಹೇಳಿದವನು ನಾನು. ಆಯಿ ಹೇಳಿದ್ದರಲ್ಲಿ ಖರೇತನ ಇದೆ ಅನ್ನುವುದು ನನಗೆ ಹೊಳೆಯಲು ಎರಡು ದಿನ ಬೇಕಾಯಿತು ನೋಡ್ರಿ. ಈಗಿನ ಫೋನಿನ ಗಾಜಿಗೆ ಒತ್ತುವುದು ತಿಳಿಯುವುದಿಲ್ಲ. ನಮ್ಮ ಬೆರಳಲ್ಲಿ ನೀರು, ಉಪ್ಪು ಇರುವುದರಿಂದ ಅದು ಹತ್ತಿರ ಬಂದಾಗ ಗಾಜಿನಡಿಯ ವಿದ್ಯುತ್ತು ಒಂಚೂರು ಅಲ್ಲಾಡುತ್ತದೆ. ಆ ಅಲ್ಲಾಟವೇ ಅದಕ್ಕೆ ಗೊತ್ತಾಗುವುದು. ವಯಸ್ಸಾದಂತೆ ಚರ್ಮದ ಬೆವರು, ಎಣ್ಣೆ ಎರಡೂ ಕಮ್ಮಿ. ಅದರ ಮೇಲೆ ಅರವತ್ತು ವರ್ಷ ಕಳೆ ತೆಗೆದು, ಜೋಳದ ತೆನೆ ಮುರಿದು, ಕಬ್ಬಿನ ರವದಿ ಎಳೆದ ಕೈ. ಆ ಬೆರಳು ಬಂದದ್ದು ಗಾಜಿಗೆ ಗೊತ್ತೇ ಆಗುವುದಿಲ್ಲ. ಕಟ್ಟಿಗೆ ತುಂಡು ತಾಗಿದ ಹಾಗೆ ಸುಮ್ಮನೆ ಇರುತ್ತದೆ. ಒಂದು ಹನಿ ಎಂಜಲು ಹಚ್ಚಿದಿರೋ, ಎದ್ದು ಕೂಡುತ್ತದೆ! ಯಾವ ಕಂಪನಿಯ ಪುಸ್ತಕದಲ್ಲೂ ಇದನ್ನು ಬರೆದಿಲ್ಲ. ಎಳೆ ಬೆರಳಿನ ಹುಡುಗರು ತಮ್ಮ ಬೆರಳಿಗೆ ಅಳತೆ ಮಾಡಿ ಹೊಲಿದ ಅಂಗಿ ಅದು, ಆಯಿಗೆ ಕಂಕುಳಲ್ಲಿ ಹಿಡಿದರೆ ತಪ್ಪು ಆಯಿಯದಲ್ಲ, ಹೌದಿಲ್ಲೋ?

ಮೊದಲಿನ ಟಚ್ ಫೋನುಗಳು ಹೀಗಿರಲಿಲ್ಲ. ಒಂದು ಕಡ್ಡಿ ಕೊಡುತ್ತಿದ್ದರು, ಅದರಿಂದ ಒತ್ತಬೇಕು. ಉಗುರಿನಿಂದಲೂ ಒತ್ತಬಹುದಿತ್ತು. ಅದು ಒತ್ತಿದ್ದಕ್ಕೆ ಓಗೊಡುವ ಜಾತಿ. 2007ರಲ್ಲಿ ಐಫೋನ್ ಬಂದ ಮೇಲೆ ಅವು ಮೂಲೆಗೆ ಬಿದ್ದವು. ಹಳೆಯ ಜಾತಿಯೇ ಉಳಿದಿದ್ದರೆ ನಮ್ಮ ಆಯಿ ಎಲೆಯ ತೊಟ್ಟಿನಿಂದಲೇ ಫೋನು ಹಚ್ಚುತ್ತಿದ್ದಳೇನೋ.

ಬೆರಳಿನ ಮಾತು ಬಂತಲ್ಲ, ನ್ಯಾಯಬೆಲೆ ಅಂಗಡಿಯ ಪಾಳಿಯದೂ ಇದೇ ಕತೆ. ಹೆಬ್ಬೆಟ್ಟು ಒತ್ತು ಅನ್ನುತ್ತಾರೆ, ಒತ್ತಿದರೆ ಹತ್ತುವುದಿಲ್ಲ. ಗೆರೆ ಸವೆದು ಹೋಗಿವೆ. ಹಿಂದೆ ನಿಂತವರೆಲ್ಲ ಡಾಕ್ಟರಾಗುತ್ತಾರೆ. "ಕೈ ತೊಳಕೊಂಡು ಬಾ" ಅನ್ನುವವನೊಬ್ಬ, "ಒರಸಬ್ಯಾಡ, ಹಸೀದ ಇರಲಿ" ಅನ್ನುವವಳೊಬ್ಬಳು. ಕಡೆಗೆ ಎಲ್ಲರೂ ಒಪ್ಪುವ ಔಷಧ ಅಂದರೆ ತಲೆ. ಹೆಬ್ಬೆಟ್ಟನ್ನು ತಲೆಗೂದಲಲ್ಲಿ ನಾಲ್ಕು ಸಲ ತಿಕ್ಕಿ ಎಣ್ಣೆ ಹತ್ತಿಸಿಕೊಂಡು ಒತ್ತಿದರೆ ಯಂತ್ರ ಹೂಂ ಅನ್ನುತ್ತದೆ. ಆಯಿಯ ಗಂಡ, ನಮ್ಮ ಮುತ್ಯಾ, ಬೋಳು ತಲೆಯವನು. ಆತ ಪಾಳಿಯಲ್ಲಿ ಮುಂದೆ ನಿಂತ ಹುಡುಗನ ತಲೆಗೇ ಕೈ ಹಾಕಿ ತಿಕ್ಕಿಕೊಂಡಿದ್ದ. ಹುಡುಗ ಆಶೀರ್ವಾದ ಅಂದುಕೊಂಡು ಕಾಲು ಮುಟ್ಟಿದ. ಆಗೇನು ಹೇಳಬೇಕು ಹೇಳ್ರಿ!

ಇನ್ನೊಂದು ಸೂಕ್ಷ್ಮ ಇದೆ. ನಾವು ಬೆಳೆದದ್ದು ಒತ್ತಿ ಹಿಡಿಯುವ ಕಾಲದಲ್ಲಿ. ಕರೆಗಂಟೆ, ರೇಡಿಯೋದ ಬಟನ್, ಪಂಪ್‌ಸೆಟ್ಟಿನ ಹಸಿರು ಬಟನ್, ಯಾವುದನ್ನಾದರೂ ಗಟ್ಟಿಯಾಗಿ ಒತ್ತಿ, ಕೆಲಸ ಶುರುವಾಯಿತು ಅಂತ ಖಾತ್ರಿಯಾದ ಮೇಲೆ ಕೈ ತೆಗೆಯುವುದು. ಈ ಫೋನಿಗೆ ಗಟ್ಟಿ ಒತ್ತಿ ಹಿಡಿದರೆ ಬೇರೆಯೇ ಅರ್ಥ. ಚಿತ್ರಗಳೆಲ್ಲ ಗಡಗಡ ನಡುಗುತ್ತವೆ, ಒಂದು ಕಿತ್ತು ಬೆರಳಿಗೆ ಅಂಟಿಕೊಂಡು ಬರುತ್ತದೆ, ಎಲ್ಲೋ ಬಿದ್ದು ಹೋಗುತ್ತದೆ. "ಏ ಮಾಸ್ತರ, ನನ್ನ ವಾಟ್ಸಾಪ್ ಕಳದೈತೋ" ಅಂತ ಆಯಿ ವಾರಕ್ಕೊಮ್ಮೆ ಗ್ವಾಡಿ ಹತ್ತಿರ ಬರುತ್ತಾಳೆ, ಎಮ್ಮೆ ಕರು ಕಳೆದ ಹಾಗೆ. ಹುಡುಕಿದರೆ ಮೂರನೆಯ ಪುಟದ ಮೂಲೆಯಲ್ಲಿ ಸಿಗುತ್ತದೆ. ಹೆಸರು ಓದಲು ಬಾರದು, ಬಣ್ಣದ ಮೇಲೆ ಗುರುತು. ಹಸಿರಿನದು ವಾಟ್ಸಾಪ್, ಕೆಂಪಿನದು ಯೂಟ್ಯೂಬ್. ನಮ್ಮ ದೇಶದ ಮೊದಲ ಚುನಾವಣೆಯಲ್ಲಿ, ಅಂದರೆ 1951-52ರಲ್ಲಿ, ಓದು ಬಾರದವರಿಗಾಗಿ ಎತ್ತು, ಗುಡಿಸಲು ಅಂತ ಚಿಹ್ನೆ ಕೊಟ್ಟರಲ್ಲ, ಅದೇ ಲೆಕ್ಕ. ಒಂದೇ ವ್ಯತ್ಯಾಸ. ಎತ್ತಿನ ಚಿಹ್ನೆ ರಾತ್ರೋರಾತ್ರಿ ಬಣ್ಣ ಬದಲಿಸುತ್ತಿರಲಿಲ್ಲ. ಇದು ಅಪ್‌ಡೇಟ್ ಆಯಿತು ಅಂದರೆ ನಿನ್ನೆಯ ಚಿತ್ರ ಇವತ್ತಿಲ್ಲ.

ಫೋನು ಚಂಚಿಯಲ್ಲಿ ಇಟ್ಟರೆ ಒಳಗೆ ಸುಣ್ಣ ಹೋಗುತ್ತದೆ ಅಂತ ಎಷ್ಟು ಸಲ ಹೇಳಿದೆನೋ. ಹೋಯಿತು. ಚಾರ್ಜರ್ ಪಿನ್ ಹಾಕುವ ತೂತು ಸುಣ್ಣದಿಂದ ಬಂದ್. ಬೀಳಗಿ ಕ್ರಾಸಿನ ಅಂಗಡಿಗೆ ನಾನೇ ಒಯ್ದೆ. ಹುಡುಗ ಸೂಜಿಯಿಂದ ಕೆರೆದು ತೆಗೆದು, ಮೂಸಿ ನೋಡಿ, "ಸರ, ಇದರಾಗ ಅಡಿಕಿ ಚೂರೂ ಐತ್ರಿ" ಅಂದ. ಐವತ್ತು ರೂಪಾಯಿ ಕೊಟ್ಟು ಬಂದೆ.

ಆ ಅಂಗಡಿಯ ಮುಂದೆ ನಿಂತಾಗ ಎಸ್‌ಟಿಡಿ ಬೂತಿನ ದಿನಗಳು ಕಣ್ಣಿಗೆ ಕಟ್ಟಿದವು. ಹಳದಿ ಬೋರ್ಡು, ಗಾಜಿನ ಗೂಡು, ಒಳಗೆ ಕೆಂಪು ಅಂಕಿ ಓಡುವ ಮೀಟರು. ರಾತ್ರಿ ಹನ್ನೊಂದರ ಮೇಲೆ ಕಾಲು ದರ, ಅದಕ್ಕೇ ಹನ್ನೊಂದಕ್ಕೆ ಪಾಳಿ. ಮುತ್ಯಾನ ದೊಡ್ಡ ಮಗ ಆಗ ಗೋವಾದಲ್ಲಿ ಗೌಂಡಿ ಕೆಲಸಕ್ಕೆ ಹೋಗಿದ್ದ. ಅವನ ಮಾಲೀಕನ ಮನೆಗೆ ಫೋನು ಹಚ್ಚಿ, ಮುತ್ಯಾ ಮೀಟರಿನ ಮೇಲೆ ಕಣ್ಣಿಟ್ಟು, ಉಸಿರು ಬಿಡದೆ ಮಾತಾಡುತ್ತಿದ್ದ. "ಆರಾಮ ಅದೀಯಾ ನಾವೂ ಆರಾಮ ಮಳಿ ಇಲ್ಲ ಎಮ್ಮಿ ಈದೈತಿ ಇಡತೀನಿ." ಅಷ್ಟೇ. ಈಗ ತಿಂಗಳ ರೊಕ್ಕ ತುಂಬಿದರೆ ದಿನವಿಡೀ ಮಾತಾಡಬಹುದು, ಆದರೂ ಮುತ್ಯಾನ ಮಾತಿಗೆ ಅದೇ ಓಟ, ಅದೇ "ಇಡತೀನಿ". ಕಣ್ಣು ಇಲ್ಲದ ಮೀಟರನ್ನು ಹುಡುಕುತ್ತಿರುತ್ತದೆ. ಮೊಮ್ಮಗಳು ಬೇಜಾರಾಗಿ, "ಮುತ್ಯಾಗ ನನ್ನ ಜೋಡಿ ಮಾತಾಡೂದು ಬ್ಯಾಡಾಗೈತಿ" ಅನ್ನುತ್ತಾಳೆ. ಮೀಟರಿನ ಕತೆ ಆ ಹುಡುಗಿಗೆ ಹೇಗೆ ಹೇಳುವುದು? 1995ರಲ್ಲಿ ನಮ್ಮ ದೇಶಕ್ಕೆ ಮೊಬೈಲ್ ಬಂದಾಗ ನಿಮಿಷಕ್ಕೆ ಹದಿನಾರು ರೂಪಾಯಿ ತನಕ ಇತ್ತು, ಬಂದ ಕರೆಗೂ ರೊಕ್ಕ ಕೊಡಬೇಕಿತ್ತು. ಬಂದ ಕರೆ ಪುಕ್ಕಟೆ ಆದದ್ದು 2003ರ ಮೇ ತಿಂಗಳಿಂದ. ಇದನ್ನು ಹೇಳಿದರೆ ಅವಳು ಪುರಾಣ ಕೇಳಿದ ಹಾಗೆ ಕೇಳುತ್ತಾಳೆ.

ದನಿಯದೂ ಅಷ್ಟೇ. ದೂರ ಹೆಚ್ಚಾದಷ್ಟು ಒದರುವುದು ಹೆಚ್ಚು. ಬೀಳಗಿಗೆ ಫೋನು ಹಚ್ಚಿದರೆ ಮುತ್ಯಾ ಮೆಲ್ಲಗೆ, ಬಾಗಲಕೋಟೆಗೆ ತುಸು ಏರಿಸಿ, ಪುಣೆಗೆ ಅಂದರೆ ಮನೆಯ ಹೊರಗೆ ಬಂದು. ಅವನ ತಂಗಿಯ ಮೊಮ್ಮಗ ಅಮೆರಿಕಕ್ಕೆ ಹೋದಾಗ ಒಮ್ಮೆ ಮಾತಾಡಿದ, ಹೆದ್ದಾರಿಯ ಲಾರಿಗಳು ಹಾರ್ನ್ ನಿಲ್ಲಿಸಿದವು ಅಂತ ನಮ್ಮ ಓಣಿಯಲ್ಲಿ ಇಂದಿಗೂ ಹೇಳುತ್ತಾರೆ. ಹೆದ್ದಾರಿ ಅಂದೆನಲ್ಲ, ಮೊದಲು ಅದರ ನಂಬರು 218, ಈಗ 52. ಮುತ್ಯಾನಿಗೆ ಎರಡೂ ಬೇಡ, "ಸೊಲ್ಲಾಪುರ ರಸ್ತೆ". ರಸ್ತೆಯ ನಂಬರು ಬದಲಾದರೂ ರಸ್ತೆ ಅದೇ. ಸಿಮ್ಮಿನ ಕಂಪನಿ ಬದಲಾದರೂ ನಂಬರು ಅದೇ. ಯಾವುದು ಬದಲಾಗಬೇಕು, ಯಾವುದು ಉಳಿಯಬೇಕು ಅನ್ನುವುದು ಈ ಕಾಲದಲ್ಲಿ ಒಂದು ತೂಕಕ್ಕೆ ಸಿಗುವುದಿಲ್ಲ.

ಒದರುವುದಕ್ಕೆ ಕಿವಿಯ ಕಾರಣವೂ ಇದೆ ಅನ್ನಿ. ವಯಸ್ಸು ಕಿವಿಯಿಂದ ಮೊದಲು ಕಿತ್ತುಕೊಳ್ಳುವುದು ಚಿರುದನಿಯನ್ನು. ಮಕ್ಕಳ ದನಿ, ಹೆಣ್ಣುಮಕ್ಕಳ ದನಿ, "ಸ", "ಶ" ಎಂಬ ಸುಸ್ ಅನ್ನುವ ಅಕ್ಷರ. ಹಳೆಯ ಫೋನಿನ ತಂತಿಯೂ ಸೆಕೆಂಡಿಗೆ ಸುಮಾರು 3400 ಕಂಪನಕ್ಕಿಂತ ಮೇಲಿನ ದನಿಯನ್ನು ಒಯ್ಯುತ್ತಿರಲಿಲ್ಲ. "ಸ" ಇರುವುದು ಬಹುಪಾಲು ಅದರ ಮೇಲೆ. ಅಂದರೆ ಫೋನು ಅರ್ಧ ತಿಂದು ಕೊಟ್ಟದ್ದನ್ನು ಕಿವಿ ಇನ್ನರ್ಧ ತಿನ್ನುತ್ತದೆ. ಮೊನ್ನೆ ಮೊಮ್ಮಗಳು ಬಾಗಲಕೋಟೆಯಿಂದ, "ಆಯಿ, ಸಾಲಿ ಸೂಟಿ ಕೊಟ್ಟಾರ" ಅಂದಳಂತೆ. ಆಯಿ, "ಏನ ಊಟ ಕೊಟ್ಟಾರ?" ಅಂದಳು. "ಸೂಟಿ, ಸೂಟಿ!" "ಹೂನವ್ವಾ, ಊಟ ಖರೆ, ಪಲ್ಯ ಏನಿತ್ತ?" ಹತ್ತು ನಿಮಿಷ ಹೀಗೇ ನಡೆಯಿತು. ಕಡೆಗೆ ಆ ಹುಡುಗಿ ಸೋತು, "ಬದನಿಕಾಯಿ" ಅಂದಳು. ಆಯಿಗೆ ಸಮಾಧಾನ. ಮರುದಿನ ಮೊಮ್ಮಗಳು ಚೀಲ ಹಿಡಿದು ಬಾಗಿಲಿಗೆ ಬಂದಾಗ, "ಸಾಲಿ ಬಿಟ್ಟು ಯಾಕ ಬಂದಿ?" ಅಂತ ಬೈಸಿಕೊಂಡಳು, ಪಾಪ.

ಕಿವಿಗೆ ಕೇಳದ್ದು ಒಂದು ಬಗೆ, ಕೇಳಿದ್ದೇ ತಾಪತ್ರಯ ಆದದ್ದು ಇನ್ನೊಂದು ಬಗೆ. 2020ರ ಮಾರ್ಚ್ ನೆನಪಿದೆಯಲ್ಲ? ಯಾರಿಗೆ ಫೋನು ಹಚ್ಚಿದರೂ ಮೊದಲು ಒಂದು ಕೆಮ್ಮು ಕೇಳುತ್ತಿತ್ತು, ಆಮೇಲೆ ಕೊರೊನಾದ ಉಪದೇಶ. ಆಯಿ ಮಗನಿಗೆ ಹಚ್ಚಿದಳು. ಕೆಮ್ಮು ಕೇಳಿತು. ಇಟ್ಟಳು. ಮತ್ತೆ ಹಚ್ಚಿದಳು. ಮತ್ತೆ ಕೆಮ್ಮು. ಸಂಜೆಯ ಹೊತ್ತಿಗೆ ಮನೆಯಲ್ಲಿ ಅಳು. ಪುಣೆಯಲ್ಲಿರುವ ಮಗನಿಗೆ ಆ ದೊಡ್ಡ ಬೇನೆ ಬಂದಿದೆ, ಮಾತಾಡಲಾರದಷ್ಟು ಕೆಮ್ಮುತ್ತಾನೆ! ನಾನು ಹೋಗಿ, ಸೊಸೆಗೆ ಹಚ್ಚಿದೆ. "ನೋಡು, ಆಕಿಗೂ ಹತ್ತೈತಿ" ಅಂದಳು ಆಯಿ. ತಂಗಿಗೆ ಹಚ್ಚಿದೆ, ಅಲ್ಲೂ ಕೆಮ್ಮು. ಕಡೆಗೆ ಅಲ್ಲೇ ಎದುರಿಗೆ ಕೂತಿದ್ದ ಮುತ್ಯಾನ ಫೋನಿಗೆ ಹಚ್ಚಿ ಕಿವಿಗೆ ಹಿಡಿದೆ. ಮುತ್ಯಾ ಬಾಯಿ ಮುಚ್ಚಿಕೊಂಡು ಕೂತಿದ್ದಾನೆ, ಒಳಗೆ ಕೆಮ್ಮು ಕೇಳುತ್ತಿದೆ. ಆಗ ನಂಬಿದಳು. ನಂಬಿದ ಮೇಲೆ ಬೈದದ್ದು ಯಾರಿಗೆ? ನನಗೇ. "ಮುಂಜಾನೆನ ಬಂದು ಹೇಳಾಕ ಏನಾಗಿತ್ತ ನಿನಗ?"

ಮುತ್ಯಾನ ಫೋನಿನ ವಿಷಯ ಬೇರೆ. ಆತನ ಲೆಕ್ಕದಲ್ಲಿ ಫೋನು ಒಂದು ಬ್ಯಾಟರಿ, ಅಂದರೆ ಟಾರ್ಚು. 2003ರಲ್ಲಿ ನೋಕಿಯಾ 1100 ಬಂತಲ್ಲ, ನೆತ್ತಿಯ ಮೇಲೆ ದೀಪ ಇದ್ದದ್ದು, ಅದನ್ನು ಕಬ್ಬಿಗೆ ನೀರು ಹಾಯಿಸುವ ರೈತನಿಗಾಗಿಯೇ ಮಾಡಿದ್ದಾರೆ ಅಂತ ಆತನ ಪಕ್ಕಾ ನಂಬಿಕೆ. ತ್ರೀ ಫೇಸ್ ಕರೆಂಟು ರಾತ್ರಿ ಪಾಳಿಯಲ್ಲಿ ಬಂದರೆ ಸಲಿಕೆ ಒಂದು ಕೈಯಲ್ಲಿ, ಪಂಜೆ ಒಂದು ಕೈಯಲ್ಲಿ, ನೋಕಿಯಾ ಬಾಯಲ್ಲಿ. ಹಲ್ಲಿನ ಗುರುತು ಬಿದ್ದಿದ್ದವು ಅದರ ಮೇಲೆ. ಜಗತ್ತಿನಲ್ಲಿ ಇಪ್ಪತ್ತೈದು ಕೋಟಿಗಿಂತ ಹೆಚ್ಚು ಮಾರಾಟವಾದ ಫೋನು ಅದು. ಅದರಲ್ಲಿ ಎಷ್ಟಕ್ಕೆ ಹಲ್ಲಿನ ಗುರುತಿತ್ತೋ ಯಾರೂ ಎಣಿಸಿರಲಿಕ್ಕಿಲ್ಲ. ಮುಂದೆ ಮುತ್ಯಾನ ಹಲ್ಲು ಬಿದ್ದವು. ಹೊಸ ಫೋನು ಬಾಯಲ್ಲಿ ಹಿಡಿಯುವಂಥದ್ದಲ್ಲ, ಹಿಡಿಯಲು ಹಲ್ಲೂ ಇಲ್ಲ. ಅಷ್ಟರಲ್ಲಿ ಮೊಬೈಲ್ ಸ್ಟಾರ್ಟರ್ ಬಂದು ಪುಣ್ಯ ಕಟ್ಟಿಕೊಂಡಿತು.

ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಪಂಪ್‌ಸೆಟ್ಟಿನ ಪೆಟ್ಟಿಗೆಯಲ್ಲಿ ಒಂದು ಸಿಮ್ ಇರುತ್ತದೆ, ಅದಕ್ಕೆ ಫೋನು ಹಚ್ಚಿ ಬಟನ್ ಒತ್ತಿದರೆ ಹೊಲದಲ್ಲಿ ಮೋಟಾರು ಶುರು. ಯಾರ ಹೆಸರನ್ನೂ ಸೇವ್ ಮಾಡಲು ಬಾರದ ಮುತ್ಯಾ ಈ ವಿದ್ಯೆಯಲ್ಲಿ ಪಂಡಿತ. ಹೊದ್ದುಕೊಂಡಲ್ಲೇ ಮೋಟಾರು ಹಚ್ಚುತ್ತಾನೆ, ಕರೆಂಟ್ ಹೋದದ್ದು, ಬಂದದ್ದು ಎಲ್ಲ ಅವನಿಗೆ ಪೆಟ್ಟಿಗೆಯೇ ಹೇಳುತ್ತದೆ. ಒಮ್ಮೆ ಗ್ವಾಡಿಗೆ ಮೊಣಕೈ ಊರಿ ನಿಂತು ನನಗೆ ಹೇಳಿದ, "ನೋಡಪಾ, ಒಂದ ರಿಂಗಿಗೆ ಮೋಟಾರ್ ಫೋನ್ ಎತ್ತತೈತಿ. ಮಗಾ ಎತ್ತೂದಿಲ್ಲ." ಹೇಳಿ ತಾನೇ ನಕ್ಕ. ನಾನೂ ನಕ್ಕೆ. ಆಮೇಲೆ ಇಬ್ಬರೂ ಸ್ವಲ್ಪ ಹೊತ್ತು ಹೊಳೆಯ ಕಡೆ ನೋಡುತ್ತ ನಿಂತೆವು.

ಹೊಸ ಫೋನಿನಲ್ಲಿ ಆತನಿಗೆ ಸೇರಿದ್ದು ಒಂದೇ, ಬಾಯಿಂದ ಹೇಳಿದರೆ ಹುಡುಕಿ ಕೊಡುವ ಆ ಮೈಕು. 2017ರಿಂದ ಗೂಗಲ್ಲಿಗೆ ಕನ್ನಡ ಕೇಳಿಸತೊಡಗಿದೆ. ಕೇಳಿಸುವುದೇನೋ ಹೌದು, ತಿಳಿಯುವುದು ಬೆಂಗಳೂರಿನ "ಅಲ್ವಾ". ನಮ್ಮ "ಹೌದಿಲ್ಲೋ" ಅಂದರೆ "ಹೌದು ಇಲ್ಲ" ಅಂತ ಬರೆಯುತ್ತದೆ. ಒಂದೇ ಉಸಿರಿನಲ್ಲಿ ಎರಡೂ! ಮುತ್ಯಾ ಒಂದು ಸಂಜೆ ಯೂಟ್ಯೂಬಿಗೆ, ಆಟದ ಅಟ್ಟದ ಮುಂದೆ ಕೂತು ಮೇಳದವರಿಗೆ ಹೇಳುವ ದನಿಯಲ್ಲಿ, "ಪಾರಿಜಾತ ಹಚ್ಚಪಾ" ಅಂದ. ಆತ ಕೇಳಿದ್ದು ಶ್ರೀಕೃಷ್ಣ ಪಾರಿಜಾತ. ಕುಲಗೋಡ ತಮ್ಮಣ್ಣನ ಆಟ, ಕೌಜಲಗಿ ನಿಂಗಮ್ಮ ಹೆಸರು ಮಾಡಿದ ಆಟ. ಈ ಸೀಮೆಯಲ್ಲಿ ಪಾರಿಜಾತ ಅಂದರೆ ಬೇರೆ ಅರ್ಥವೇ ಇಲ್ಲ. ಯೂಟ್ಯೂಬ್ ತೋರಿಸಿದ್ದು ಪಾರಿಜಾತದ ಸಸಿ ನೆಡುವುದು ಹೇಗೆ, ಗೊಬ್ಬರ ಎಷ್ಟು, ಬಿಸಿಲು ಎಷ್ಟು ಅಂತ. ಮುತ್ಯಾ ಕೃಷ್ಣ ಬರುತ್ತಾನೆ, ಭಾಮೆ ಬರುತ್ತಾಳೆ ಅಂತ ಕಾಯುತ್ತ ಪೂರ್ತಿ ನೋಡಿದ. ನೋಡಿದ್ದು ವ್ಯರ್ಥ ಆಗಬಾರದು ಅಂತ ಬಾಗಲಕೋಟೆಯಿಂದ ಸಸಿ ತರಿಸಿ ಹಿತ್ತಲ ಗ್ವಾಡಿಗೆ ಹತ್ತಿ ನೆಟ್ಟ. ಈಗ ಅದು ಆಳೆತ್ತರ ದಾಟಿದೆ. ಗಿಡ ಅವರ ಹಿತ್ತಲಲ್ಲಿ, ಮುಂಜಾನೆ ಹೂವು ಉದುರುವುದು ನಮ್ಮ ಹಿತ್ತಲಲ್ಲಿ. ಸತ್ಯಭಾಮೆಗೂ ರುಕ್ಮಿಣಿಗೂ ಜಗಳ ಹತ್ತಿದ್ದು ಇದೇ ಕಾರಣಕ್ಕೆ ಅಲ್ಲೇನ್ರಿ? ಆಯಿಯೂ ನನ್ನ ಹೆಂಡತಿಯೂ ಆ ಪ್ರವೇಶವನ್ನು ದಿನಾ ಬೆಳಿಗ್ಗೆ ಪುಕ್ಕಟೆ ಆಡುತ್ತಾರೆ. ಮುತ್ಯಾ ಕೇಳಿದ್ದು ಅವನಿಗೆ ಸಿಕ್ಕ ಹಾಗೇ ಆಯಿತು.

ಗೃಹಲಕ್ಷ್ಮಿಯ ರೊಕ್ಕದ ಮೆಸೇಜಿನದು ಇನ್ನೊಂದು ಪ್ರಸಂಗ. 2023ರ ಆಗಸ್ಟಿನಲ್ಲಿ ಅದು ಶುರುವಾದಾಗ ನಾನು ಆಯಿಗೆ ಹೇಳಿಕೊಟ್ಟಿದ್ದೆ, "ಮೆಸೇಜಿನ್ಯಾಗ ಎರಡರ ಮುಂದ ಮೂರು ಸೊನ್ನಿ ಇದ್ದರ ರೊಕ್ಕ ಬಂತು ಅಂತ ತಿಳಿ." ಬಂದ ಮೆಸೇಜಿನಲ್ಲಿ ಬ್ಯಾಂಕಿನವರು ಪೈಸೆಯನ್ನೂ ಬರೆದಿದ್ದರು, 2000.00. ಚುಕ್ಕೆ ಆಯಿಯ ಕಣ್ಣಿಗೆಲ್ಲಿ ಕಾಣಬೇಕು? ಸೊನ್ನೆ ಎಣಿಸಿದಳು, ಐದು. ಗ್ವಾಡಿಯ ಹತ್ತಿರ ಬಂದು, ಅತ್ತ ಇತ್ತ ನೋಡಿ, ಪಿಸುಗುಟ್ಟಿದಳು. "ಮಾಸ್ತರ, ಯಾರಿಗೂ ಹೇಳಬ್ಯಾಡ. ಎರಡ ಲಕ್ಷ ಹಾಕ್ಯಾರ." ಆ ದಿನ ಆಕೆಯ ಮುಖದ ಕಳೆ ನೋಡಿ ಚುಕ್ಕೆಯ ಸಂಗತಿ ಹೇಳಲು ನನಗೆ ಮನಸ್ಸೇ ಬರಲಿಲ್ಲ. ಸಂಜೆಗೆ ಹೇಳಿದೆ. "ಅಷ್ಟ ಸಣ್ಣ ಚುಕ್ಕಿ ಯಾಕ ಇಡತಾರ? ಕುಂಕುಮದಷ್ಟು ಇಡಬೇಕು" ಅಂದಳು. ಒಪ್ಪತಕ್ಕ ಮಾತು.

ಕಣ್ಣಿನ ಮಾತಿಗೆ ಬಂದರೆ ನಾನೇನು ಗ್ವಾಡಿಯ ಮೇಲೆ ಕೂತ ಸಾಕ್ಷಿಯಲ್ಲ. ಓದುವ ಕನ್ನಡಕಕ್ಕೆ ನಮ್ಮ ಕಡೆ ಚಾಳೀಸು ಅಂತಾರಲ್ಲ, ನಲವತ್ತಕ್ಕೆ ಬರುವುದರಿಂದ ಆ ಹೆಸರು. ಹಿರಿಯರು ರೋಗಕ್ಕೆ ಹೆಸರಿಡುವಾಗಲೇ ತಾರೀಖೂ ಬರೆದಿಟ್ಟಿದ್ದಾರೆ. ಕಣ್ಣಿನೊಳಗಿನ ಮಸೂರ ಬಿರುಸಾಗಿ, ಹತ್ತಿರದ್ದಕ್ಕೆ ಬಾಗಲು ಒಲ್ಲೆ ಅನ್ನುತ್ತದೆ. ಮೊದಲು ಫೋನನ್ನು ತುಸು ದೂರ ಹಿಡಿದೆ. ಆಮೇಲೆ ಇನ್ನಷ್ಟು ದೂರ. ಕಡೆಗೆ ಕೈ ಸಾಲದಾಯಿತು. ಮಗಳು ಬಂದಾಗ ಫೋನಿನ ಅಕ್ಷರ ದೊಡ್ಡದು ಮಾಡಿಕೊಟ್ಟಳು. ಎಷ್ಟು ದೊಡ್ಡದು ಅಂದರೆ "ನಮಸ್ಕಾರ" ಎರಡು ಸಾಲಿಗೆ ಒಡೆಯುತ್ತದೆ. "ಸರಿ" ಎಂದು ಒತ್ತುವ ಬಟನ್ನು ಪರದೆಯ ಕೆಳಗೆ ಬಿದ್ದು, ಅದನ್ನು ಎಳೆದು ಮೇಲೆ ತರಬೇಕು, ಬಾವಿಯಿಂದ ಕೊಡ ಸೇದಿದ ಹಾಗೆ. ಹಿತ್ತಲಲ್ಲಿ ಕೂತು ಬೀಗರ ಮೆಸೇಜು ಓದುತ್ತಿದ್ದರೆ ಗ್ವಾಡಿಯ ಆಚೆಯಿಂದ ಆಯಿಯ ಮೊಮ್ಮಗಳು, "ಮಾಸ್ತರ, ಅವರು ಭಾನುವಾರ ಬರತಾರಂತ" ಅನ್ನುತ್ತಾಳೆ. ಗುಟ್ಟು ಅನ್ನುವುದು ಮುಗಿಯಿತು.

ಅದಕ್ಕಿಂತ ಆಯಿಯ ಗೋಡೆಯೇ ವಾಸಿ ಇತ್ತು. ಅವರ ಪಡಸಾಲೆಯ ಗೋಡೆಯ ಮೇಲೆ ಇದ್ದಿಲಿನಿಂದ ಬರೆದ ನಂಬರುಗಳು, ಒಂದೊಂದು ಅಂಕಿ ಗೇಣುದ್ದ. ಹೆಸರಿಲ್ಲ. ಬಾಗಿಲ ಬಲಕ್ಕೆ ಇದ್ದದ್ದು ಮಗ, ಗೂಟದ ಕೆಳಗಿನದು ಗ್ಯಾಸಿನವನು, ದೇವರ ಜಗಲಿಯ ಪಕ್ಕದ್ದು ತವರುಮನೆ, ಸಿಟ್ಟು ಬಂದವರದು ಬಚ್ಚಲ ಹತ್ತಿರ. ಒಂದು ದೀಪಾವಳಿಗೆ ಸೊಸೆ ಊರಿಗೆ ಬಂದವಳು ಹುರುಪಿನಿಂದ ಸುಣ್ಣ ಹೊಡೆದಳು. ಗೋಡೆ ಹಾಲಿನ ಹಾಗೆ ಬೆಳ್ಳಗಾಯಿತು, ನಲವತ್ತು ವರ್ಷದ ಬಳಗ ಒಂದೇ ಮಧ್ಯಾಹ್ನ ಅಳಿಸಿ ಹೋಯಿತು. ನಾವೀಗ ಬ್ಯಾಕಪ್ ಅನ್ನುತ್ತೇವಲ್ಲ, ಅದು ಆಯಿಯ ತಲೆಯಲ್ಲಿತ್ತು. ಕಣ್ಣು ಮುಚ್ಚಿಕೊಂಡು ಒಂದೊಂದೇ ಹೇಳಿದಳು, ನಾನು ಬರೆದುಕೊಂಡೆ. ಬಚ್ಚಲ ಹತ್ತಿರದ್ದನ್ನು ಮಾತ್ರ, "ಅದು ನೆನಪಿಲ್ಲ ಬಿಡು" ಅಂದಳು. ನೆನಪಿತ್ತು ಅಂತ ನನಗೆ ಗೊತ್ತು. ನನ್ನ ಹೆಂಡತಿಯ ನಂಬರು ನನಗೆ ಬಾಯಿಪಾಠ ಬರುವುದಿಲ್ಲ, ಇದನ್ನು ದಯವಿಟ್ಟು ಇಲ್ಲಿಗೇ ಬಿಡಿ.

2019ರ ಆಗಸ್ಟ್‌ನಲ್ಲಿ ಘಟಪ್ರಭೆ ಏರಿ ಬಂದಾಗ ಊರೆಲ್ಲ ಫೋನು ಹಿಡಿದು ಕೂತಿತ್ತು. ಹಿಡಕಲ್ಲಿನಿಂದ ಇಷ್ಟು ಕ್ಯೂಸೆಕ್ ಬಿಟ್ಟರಂತೆ, ಮುಧೋಳದ ಕಡೆ ಹೀಗಾಯಿತಂತೆ. ಒಬ್ಬನ ಫೋನಿಗೆ ಸೇತುವೆ ಕುಸಿಯುವ ವಿಡಿಯೋ ಬಂತು, ನಮ್ಮ ಅನಗವಾಡಿಯದೇ ಅಂತ. ಸೇತುವೆಯಿಂದ ಕೂಗಳತೆಯಲ್ಲಿ ನಿಂತವರು ನಾವು, ತಿರುಗಿ ನೋಡುವ ಬದಲು ವಿಡಿಯೋ ನೋಡಿ ಹೌಹಾರಿದೆವು. ಮುತ್ಯಾ ಫೋನು ಇಸಿದುಕೊಂಡು ದೂರ ಹಿಡಿದು ನೋಡಿದ. "ಇದು ನಮ್ಮ ಹೊಳಿ ಅಲ್ಲ. ನಮ್ಮ ಹೊಳಿ ನೀರು ಮಡ್ಡು ಬಂದಾಗ ಈ ಬಣ್ಣ ಇರೂದಿಲ್ಲ. ದಂಡಿ ಮ್ಯಾಲ ಜಾಲಿ ಎಲ್ಲೈತಿ?" ಅಂದ. 65 ದಾಟಿದವರು ಎಳೆಯರಿಗಿಂತ ಸುಮಾರು ಏಳು ಪಟ್ಟು ಹೆಚ್ಚು ಸುಳ್ಳು ಸುದ್ದಿ ಹಂಚಿದರು ಅಂತ ಅಮೆರಿಕದ ಸಂಶೋಧಕರು ಅದೇ 2019ರಲ್ಲಿ ಬರೆದಿದ್ದರು. ಅದು ಅವರ ದೇಶದ 2016ರ ಚುನಾವಣೆಯ ಲೆಕ್ಕ, ಫೇಸ್‌ಬುಕ್ಕಿನ ಲೆಕ್ಕ. ಇರಬಹುದು. ನಮ್ಮ ಮುತ್ಯಾನೂ ಯಾವ್ಯಾವುದೋ ಬೇರಿನ ಕಷಾಯ ಕುಡಿದರೆ ಸಕ್ಕರೆ ಕಾಯಿಲೆ ಓಡುತ್ತದೆ ಅಂತ ನನಗೆ ಕಳಿಸುತ್ತಾನೆ. ಆದರೆ ಹೊಳೆಯ ವಿಷಯದಲ್ಲಿ ಆತನಿಗೆ ಸುಳ್ಳು ಹೇಳಲಾಗುವುದಿಲ್ಲ.

ಬೆಳಗಿನ ಶುಭೋದಯದ ಚಿತ್ರಗಳ ಬಗ್ಗೆ ನಾನೇನೂ ಹೇಳಬೇಕಾಗಿಲ್ಲ, ನಿಮ್ಮ ಫೋನೂ ತುಂಬಿರುತ್ತದೆ. ಗುಲಾಬಿ, ದೀಪ, ಹಾರುವ ಗಿಳಿ, ಕೆಳಗೊಂದು ಬುದ್ಧಿಮಾತು. ಭಾರತದವರ ಫೋನು ಇವುಗಳಿಂದಲೇ ಉಸಿರು ಕಟ್ಟುತ್ತಿವೆ ಅಂತ ಗೂಗಲ್ಲಿನವರೇ 2018ರ ಸುಮಾರಿಗೆ ಕಂಡುಕೊಂಡು, ಗುಡಿಸಿ ಹಾಕಲು ಒಂದು ಆ್ಯಪ್ ಕೊಟ್ಟರು. ನಾನೂ ದಿನಾ ಅಳಿಸುತ್ತಿದ್ದೆ. ನಮ್ಮ ಸಾಲಿಯ ಹಿರಿಯ ಮಾಸ್ತರರೊಬ್ಬರು ಎಂಬತ್ತು ದಾಟಿದವರು, ದಿನಾ ಐದೂವರೆಗೆ ತಪ್ಪದೆ ಒಂದು ಗುಲಾಬಿ ಕಳಿಸುತ್ತಾರೆ. ಒಂದು ದಿನ ಏಳಾದರೂ ಗುಲಾಬಿ ಬರಲಿಲ್ಲ. ನಮ್ಮ ಗುಂಪಿನ ಹನ್ನೊಂದು ಮಂದಿ ಅವರ ಮನೆಗೆ ಫೋನು ಹಚ್ಚಿದರು. ಕರೆಂಟು ಹೋಗಿ ಚಾರ್ಜ್ ಇರಲಿಲ್ಲವಂತೆ. ಪಿಂಚಣಿ ಪಡೆಯುವವರು ಬದುಕಿದ್ದೇವೆ ಅಂತ ಸರ್ಕಾರಕ್ಕೆ ನವೆಂಬರಿನಲ್ಲಿ ಒಮ್ಮೆ ತೋರಿಸಬೇಕಲ್ಲ, ಜೀವನ ಪ್ರಮಾಣ ಅಂತ, ಮುಖವನ್ನು ಫೋನಿಗೆ ಹಿಡಿದು ಕಣ್ಣು ಮಿಟುಕಿಸಬೇಕು. ಈ ಮಾಸ್ತರರು ಮೋತಿಬಿಂದು ತೆಗೆಸಿದ ಹೊಸದರಲ್ಲಿ ಮಿಟುಕಿಸು ಅಂದರೆ ದಿಟ್ಟಿಸುತ್ತಿದ್ದರು, ದಿಟ್ಟಿಸು ಅಂದರೆ ಮಿಟುಕಿಸುತ್ತಿದ್ದರು. ನಾಲ್ಕು ಸಲ ಫೋನು ಅವರನ್ನು ಒಪ್ಪಲಿಲ್ಲ. "ನಾ ಇದ್ದೀನಪ್ಪಾ" ಅಂತ ಅದಕ್ಕೆ ಬಾಯಿಬಿಟ್ಟು ಹೇಳಿದರು. ಸರ್ಕಾರಕ್ಕೆ ವರ್ಷಕ್ಕೊಮ್ಮೆ ಕಣ್ಣು, ನಮಗೆ ದಿನಾ ಗುಲಾಬಿ. ಈಗ ನಾನು ಅಳಿಸುವುದಿಲ್ಲ.

ಫೋನಿನಲ್ಲಿ ಪೊಲೀಸರ ವೇಷ ಹಾಕಿ, ಡಿಜಿಟಲ್ ಅರೆಸ್ಟ್ ಅಂತ ಹೆದರಿಸಿ ರೊಕ್ಕ ಕೀಳುವವರ ಸುದ್ದಿ ನೀವೂ ಓದಿದ್ದೀರಿ. ಪಟ್ಟಣಗಳಲ್ಲಿ ಓದಿದ, ದೊಡ್ಡ ನೌಕರಿ ಮಾಡಿ ನಿವೃತ್ತರಾದವರೇ ಸಿಕ್ಕಿಬಿದ್ದರು. ನಮ್ಮ ಆಯಿಗೂ ಒಮ್ಮೆ ಬಂತು. ಆ ಕಡೆಯವನು ಹಿಂದಿಯಲ್ಲಿ ಗುಡುಗುತ್ತಿದ್ದಾನೆ, ಪಾರ್ಸಲ್ಲು, ಕೇಸು, ಮುಂಬೈ. ಆಯಿಗೆ ತಿಳಿದದ್ದು ಮುಂಬೈ ಒಂದೇ. "ಮುಂಬೈದಾಗ ನಮ್ಮವರು ಯಾರೂ ಇಲ್ಲಪಾ, ಪುಣೇದಾಗ ಅದಾನ" ಅಂತ ಮಗನ ಕತೆ ಶುರು ಮಾಡಿದಳು. ಮಗ, ಸೊಸೆ, ಸೊಸೆ ಸುಣ್ಣ ಹೊಡೆದದ್ದು, ಎಮ್ಮೆ, ಪಾರಿಜಾತ. ಇಪ್ಪತ್ತು ನಿಮಿಷ. ಇಟ್ಟದ್ದು ಆ ಕಡೆಯವನೇ. "ಪಾಪ, ಯಾರೋ ಒಳ್ಳೆ ಹುಡುಗ, ಪೂರ್ತಿ ಕೇಳಿದ" ಅಂದಳು. ಇಂಥದ್ದು ಬಂದರೆ 1930ಕ್ಕೆ ಫೋನು ಹಚ್ಚಬೇಕು ಆಯಿ ಅಂತ ಹೇಳಿಕೊಟ್ಟೆ. "ಅವರೂ ಕೇಳತಾರೇನು?" ಅಂದಳು.

ಇಟ್ಟದ್ದು ಅಂದೆನಲ್ಲ, ಆಯಿಗೆ ಫೋನು ಇಡುವುದು ಬರುವುದಿಲ್ಲ. ಹಳೆಯ ಕಾಲದಲ್ಲಿ ಮಾತು ಮುಗಿದರೆ ರಿಸೀವರ್ ಕುಕ್ಕಿದರಾಯಿತು, ಇಲ್ಲಿ ಕೆಂಪು ಗುಂಡಿ ಹುಡುಕಬೇಕು, ಅಷ್ಟರಲ್ಲಿ ಪರದೆ ಕತ್ತಲಾಗಿರುತ್ತದೆ. "ಆ ಕಡೀವ್ರು ಇಡತಾರ ಬಿಡು" ಅಂತ ಹಾಗೇ ಚಂಚಿಗೆ ಹಾಕುತ್ತಾಳೆ. ನಿನ್ನೆ ಮಧ್ಯಾಹ್ನ ನನಗೇ ಹಚ್ಚಿದ್ದಳು. ನಾನು ಹಿತ್ತಲಲ್ಲಿ, ಆಕೆಯೂ ಹಿತ್ತಲಲ್ಲಿ, ನಡುವೆ ಎದೆಮಟ್ಟದ ಗ್ವಾಡಿ. "ಇಲ್ಲೇ ಅದೀನಲ್ಲ ಆಯಿ" ಅಂದರೆ, "ಹತ್ತತೈತೋ ಇಲ್ಲೋ ನೋಡಿದೆ" ಅಂದಳು. ಆಕೆಯ ದನಿ ಮೊದಲು ಗಾಳಿಯಲ್ಲಿ ಬಂತು, ತುಸು ತಡೆದು ಫೋನಿನಲ್ಲಿ ಬಂತು. ಬಾಳೆಹಣ್ಣು ಇವೆ, ಹುಡುಗಿಯ ಕೈಯಲ್ಲಿ ಕಳಿಸುತ್ತೇನೆ ಅಂದಳು, ಮುಗಿಯಿತು.

ನಾನು ಇಡಬೇಕಿತ್ತು. ಕನ್ನಡಕ ಒಳಗಿತ್ತು, ಕೆಂಪು ಗುಂಡಿ ಕಾಣಲಿಲ್ಲ. ಕಿವಿಗೆ ಹಿಡಿದೇ ಒಳಗೆ ಹೊರಟೆ. ಚಂಚಿಯೊಳಗಿಂದ ಅಡಕತ್ತರಿಯ ಕಟ್ ಕಟ್ ಕೇಳುತ್ತಿತ್ತು. ಆಮೇಲೆ ಆಯಿಯ ದನಿ, ಮುತ್ಯಾನಿಗೆ ಹೇಳುತ್ತಿದ್ದದ್ದು.

"ಮಾಸ್ತರಗ ವಯಸ್ಸಾತು ನೋಡು. ಫೋನಿನ್ಯಾಗ ಒಂದೊಂದ ಅಕ್ಷರ ಕುಂಬಳಕಾಯಿ ಅಷ್ಟ ಅದಾವು, ಆದರೂ ತಡಕಾಡತಾನ. ನಾಳೆ ಬೆರಳಿಗೆ ಎಂಜಲಾ ಹಚ್ಚೂದು ಹೇಳಿಕೊಡತೀನಿ."

"ಹೇಳಬ್ಯಾಡ," ಅಂದ ಮುತ್ಯಾ, "ಸಾಲೀ ಮಾಸ್ತರ, ನೋಯ್ತಾನ."